ತಾಯಿಯ ಮಡಿಲು, ಮಾವನ ಮಹಾಮನೆ: ಚಿನ್ಮಯಜ್ಞಾನಿ ಶ್ರೀ ಚನ್ನಬಸವಣ್ಣನವರು

ಭಾರತ ಹುಣ್ಣಿಮೆ ಬಂತೆಂದರೆ ನೇಸರಗಿ, ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಯ ಭಕ್ತರು ಚಕ್ಕಡಿ ಹೂಡಿ, ಬುತ್ತಿ ಕಟ್ಟಿಕೊಂಡು, ಮಕ್ಕಳು ಮರಿ ಸಮೇತ ಸಹ್ಯಾದ್ರಿಯ ಈ ಉಳವಿ ಕ್ಷೇತ್ರಕ್ಕೆ ಬರುತ್ತಾರೆ. ಇಲ್ಲಿ ಐಕ್ಯರಾದ ಚನ್ನಬಸವಣ್ಣನವರ ಚರಿತ್ರೆ ಬೆಳೆಯುವ ಮಕ್ಕಳಿರುವ ತಂದೆತಾಯಿಗಳು ಕೇಳಲೇಬೇಕಾದ್ದು.

ಈ ಕಥೆ ಅವರ ಸೋದರಮಾವ ಬಸವಣ್ಣನವರಿಂದ ಶುರುವಾಗುತ್ತದೆ. ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರು ಎಂಟು ವರ್ಷದ ಮಗನಿಗೆ ಜನಿವಾರ ಹಾಕಲು ಸಿದ್ಧರಾದರು. ಅಕ್ಕ ನಾಗಮ್ಮನಿಗೆ ಇಲ್ಲದ್ದು ತನಗ್ಯಾಕೆ ಅಂತ ಹುಡುಗ ಕೇಳಿದ. ಹಿರಿಯರು ಸಂಪ್ರದಾಯ ತೋರಿಸಿದರು, ಆದರೆ ಮಗನಿಗೆ ಸಮಾಧಾನ ಆಗಲಿಲ್ಲ. ಆತ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದ. ಮಾದರಸರು ಕೆಟ್ಟ ತಂದೆಯೇನಲ್ಲ. ತಮ್ಮ ಹಿರಿಯರು ಕೊಟ್ಟದ್ದನ್ನೇ ಮಗನಿಗೂ ಕೊಡಹೋದರು. ಆದರೆ ಕಟ್ಟಳೆಯಾಗಿ ಬಂದದ್ದು ಮಗನ ಎದೆಗೆ ಇಳಿಯಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡ ಅಕ್ಕನಾಗಮ್ಮನವರ ಮಗನೇ ಚನ್ನಬಸವಣ್ಣ. ಕಲ್ಯಾಣದ ಮಹಾಮನೆಯಲ್ಲಿ ಬಾಲಕ ಬೆಳೆದ. ತಾಯಿ ಬರೀ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ದಿನಾಲೂ ದಾಸೋಹದಲ್ಲಿ ದುಡಿದು ತೋರಿಸಿದರು. ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯನವರ ಸಂಗಡ ಮಾವ ಸಮನಾಗಿ ಕೂಡುವುದನ್ನು ಹುಡುಗ ನೋಡಿದ. ಅನುಭವ ಮಂಟಪದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು, ಚಿಕ್ಕವನೆಂದು ಇವನನ್ನು ಯಾರೂ ಬಾಯಿ ಮುಚ್ಚಿಸಲಿಲ್ಲ. ಹರೆಯದಲ್ಲೇ ಆತ ಷಟ್‌ಸ್ಥಲ ಜ್ಞಾನಿಯಾದ. ಅಲ್ಲಮಪ್ರಭುಗಳ ನಂತರ ಶೂನ್ಯಸಿಂಹಾಸನವನ್ನೂ ಏರಿದ. ಅವರ ವಚನಗಳು 1,700ಕ್ಕೂ ಹೆಚ್ಚು ನಮಗೆ ಸಿಕ್ಕಿವೆ.

ಮನೆಯಲ್ಲಿ ಕಲಿತದ್ದಕ್ಕೆ ಪರೀಕ್ಷೆಯೂ ಬಂತು. 1167ರ ಸುಮಾರಿಗೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯಿಂದ ಕಲ್ಯಾಣದಲ್ಲಿ ರಕ್ತ ಹರಿಯಿತು. ಆಗ ಚನ್ನಬಸವಣ್ಣನವರು ವಚನದ ಕಟ್ಟುಗಳನ್ನು ಹೊತ್ತ ಶರಣರನ್ನು ಕರೆದುಕೊಂಡು ಪಡುವಣಕ್ಕೆ ನಡೆದರು. ದಾರಿ ನಮ್ಮ ಸೀಮೆಯದೇ. ಕಿತ್ತೂರ ಸಮೀಪದ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ದಂಡಿನೊಡನೆ ಕಾಳಗವಾಯಿತು ಎನ್ನುತ್ತಾರೆ. ಗಂಗಾಂಬಿಕೆ ತಾಯಿ ಐಕ್ಯರಾದದ್ದು ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯ ದಡದಲ್ಲಿ.

ಉಳವಿಯವರೆಗೂ ತಾಯಿ ಮಗನ ಜೊತೆಗೇ ಇದ್ದರು. ಅವರ ಹೆಸರಿನ ಗವಿ ಇಂದಿಗೂ ಇಲ್ಲಿದೆ. ಇನ್ನೂ ಎಳೆ ಪ್ರಾಯದಲ್ಲೇ ಚನ್ನಬಸವಣ್ಣನವರು ಲಿಂಗೈಕ್ಯರಾದರು. ಮಗನನ್ನು ಕಳಕೊಂಡ ತಾಯಿ ಕೂತು ಅಳಲಿಲ್ಲ, ಮುಂದೆ ನಡೆದು ತರೀಕೆರೆ ಸೀಮೆಯ ಎಣ್ಣೆಹೊಳೆಯಲ್ಲಿ ಐಕ್ಯರಾದರು ಎಂಬುದು ಪರಂಪರೆಯ ಮಾತು. ಮಗನಿಗೆ ಕಲಿಸಿದ್ದನ್ನು ಆಕೆ ತಾನೂ ಕಡೆತನಕ ನಡೆದು ತೋರಿಸಿದಳು.

ತಂದೆತಾಯಿಗಳೇ, ಗವಿಯ ಬಾಗಿಲಲ್ಲಿ ನಿಮ್ಮ ಹದಿನಾಲ್ಕು, ಹದಿನೈದರ ಮಗನೋ ಮಗಳೋ ವಿಭೂತಿ ಯಾಕೆ, ಲಿಂಗ ಯಾಕೆ ಅಂತ ಕೇಳಿದರೆ ಗದರಿಸಬೇಡಿರಿ. ತಿಳಿದಷ್ಟು ಹೇಳಿರಿ, ತಿಳಿಯದ್ದನ್ನು ಕೂಡಿ ಹುಡುಕಿರಿ. ಊರಿಗೆ ಮರಳಿದ ಮೇಲೆ ಹಸಿದವರಿಗೆ ಅನ್ನ ಇಕ್ಕುವುದನ್ನು ಅವರ ಕಣ್ಣೆದುರೇ ಮಾಡಿರಿ. ಮಕ್ಕಳು ನಾವು ಹೇಳಿದ್ದನ್ನು ಮರೆತಾರು, ಮನೆಯಲ್ಲಿ ಕಂಡದ್ದನ್ನು ಮರೆಯುವುದಿಲ್ಲ.