ಗಡಿಯೂರಿನ ವಿಜ್ಞಾನಿ ಹಾನ್ಸ್ ಸೆಲ್ಯೆ

ಇಂದು ಮನೆಮಾತಾಗಿರುವ ‘ಸ್ಟ್ರೆಸ್’ ಎಂಬ ಪದಕ್ಕೆ ವೈದ್ಯವಿಜ್ಞಾನದಲ್ಲಿ ಸ್ಥಾನ ದೊರಕಿಸಿಕೊಟ್ಟವರು ಹಾನ್ಸ್ ಸೆಲ್ಯೆ. ಅವರ ಮತ್ತೊಂದು ಶೋಧವನ್ನು ಬಲ್ಲವರು ವಿರಳ. ಗಡಿನಾಡಿನವರಾದ ನಾವು ಆ ಶೋಧದೊಂದಿಗೆ ಅವರು ಬೆಳೆದ ಊರಿನ ಕಥೆಯನ್ನೂ ಅರಿಯುವುದು ಉಚಿತ.

1907ರ ಜನವರಿ 26ರಂದು ವಿಯೆನ್ನಾದಲ್ಲಿ ಜನಿಸಿದ ಸೆಲ್ಯೆ ಬೆಳೆದದ್ದು ಡ್ಯಾನ್ಯೂಬ್ ನದಿಯ ದಡದ ಕೊಮಾರೊಮ್ ಪಟ್ಟಣದಲ್ಲಿ. ತಂದೆ ಹಂಗೇರಿಯವರು, ಸೇನೆಯ ಶಸ್ತ್ರವೈದ್ಯರು, ತಾಯಿ ಆಸ್ಟ್ರಿಯಾದವರು. ಮೊದಲ ಮಹಾಯುದ್ಧದ ಬಳಿಕ, 1920ರ ಟ್ರಿಯನಾನ್ ಒಪ್ಪಂದದಿಂದ ಆ ನದಿಯೇ ದೇಶದ ಗಡಿಯಾಯಿತು. ಪಟ್ಟಣ ಇಬ್ಭಾಗವಾಗಿ ಉತ್ತರದ ದಡ ಚೆಕೊಸ್ಲೊವಾಕಿಯಕ್ಕೆ ಸೇರಿತು. ಅಲ್ಲಿನ ಹಂಗೇರಿಯನ್ ಭಾಷಿಕರು ಮನೆ ಬದಲಿಸದೆಯೇ ಅನ್ಯ ರಾಜ್ಯದ ಅಲ್ಪಸಂಖ್ಯಾತರಾದರು. ಆ ಅನುಭವ ಎಂತಹುದೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿ ಪಡೆದ ಸೆಲ್ಯೆ, 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನೆಲೆನಿಂತರು. ಮೊದಲು ಇಂಗ್ಲಿಷ್ ಮಾಧ್ಯಮದ ಮೆಕ್‌ಗಿಲ್ ವಿಶ್ವವಿದ್ಯಾಲಯ, 1945ರಿಂದ ಫ್ರೆಂಚ್ ಮಾಧ್ಯಮದ ಮಾಂಟ್ರಿಯಲ್ ವಿಶ್ವವಿದ್ಯಾಲಯ ಅವರ ಕರ್ಮಭೂಮಿಯಾದವು.

1941ರಲ್ಲಿ ಅವರು ಒಂದು ವಿಸ್ಮಯವನ್ನು ವರದಿ ಮಾಡಿದರು. ಪ್ರೊಜೆಸ್ಟೆರಾನ್ ಮುಂತಾದ ಸ್ಟೀರಾಯ್ಡ್ ಹಾರ್ಮೋನುಗಳನ್ನು ಚುಚ್ಚಿದಾಗ ಇಲಿಗಳು ನಿಮಿಷಗಳಲ್ಲಿಯೇ ಅರಿವಳಿಕೆಗೆ ಒಳಗಾಗುತ್ತಿದ್ದವು. ಮುಂದೆ 1960ರ ದಶಕದಲ್ಲಿ ವಿಜ್ಞಾನಲೋಕ ಒಪ್ಪಿಕೊಂಡ ಸಿದ್ಧಾಂತವೇ ಬೇರೆ: ಸ್ಟೀರಾಯ್ಡ್ ಜೀವಕೋಶದೊಳಕ್ಕೆ ಹೊಕ್ಕು, ಗ್ರಾಹಕವನ್ನು ಸೇರಿ, ಜೀನುಗಳನ್ನು ಎಚ್ಚರಿಸಿ, ಹೊಸ ಪ್ರೋಟೀನುಗಳನ್ನು ಮಾಡಿಸುತ್ತದೆ. ಇದಕ್ಕೆ ಗಂಟೆಗಳೇ ಬೇಕು. ನಿಮಿಷಗಳ ಲೆಕ್ಕದ ಸೆಲ್ಯೆಯವರ ಶೋಧ ಆ ಚೌಕಟ್ಟಿಗೆ ಹೊಂದದೆ ಬಹುಕಾಲ ಬದಿಗೆ ಸರಿಯಿತು.

ಆದರೆ ಅಂಥ ಸಾಕ್ಷ್ಯಗಳು ಹೃದಯ ಮತ್ತು ರಕ್ತನಾಳಗಳಿಂದಲೂ ಬಂದವು. ಆಲ್ಡೋಸ್ಟೆರಾನ್ ನೀಡಿದ ಐದೇ ನಿಮಿಷಗಳಲ್ಲಿ ಮನುಷ್ಯರ ರಕ್ತಪರಿಚಲನೆ ಬದಲಾಗುವುದನ್ನು 1963ರಲ್ಲಿ ಜರ್ಮನಿಯ ಕ್ಲೈನ್ ಮತ್ತು ಹೆಂಕ್ ವರದಿ ಮಾಡಿದರು. ಈಸ್ಟ್ರೊಜೆನ್ ರಕ್ತನಾಳದ ಒಳಪದರದ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆಗೊಳಿಸಿ ನಾಳವನ್ನು ಬೇಗನೆ ಸಡಿಲಿಸುತ್ತದೆಂಬುದೂ ಮುಂದೆ ತಿಳಿಯಿತು. ಜೀನುಗಳ ದಾರಿ ಸುಳ್ಳಲ್ಲ. ಅದರ ಪಕ್ಕದಲ್ಲಿಯೇ, ಕೋಶದ ಹೊರಪೊರೆಯ ಬಳಿಯಿಂದ, ಇನ್ನೊಂದು ಶೀಘ್ರದ ದಾರಿಯಿದೆ. ಇದೇ ಬಳಗದ ಡಿಆಕ್ಸಿಕಾರ್ಟಿಕೊಸ್ಟೆರಾನ್ ಹಾರ್ಮೋನನ್ನು ಉಪ್ಪಿನೊಡನೆ ದಿನಗಟ್ಟಲೆ ಕೊಟ್ಟರೆ ಇಲಿಗಳ ರಕ್ತದೊತ್ತಡ ಏರುವುದೆಂದು 1940ರ ದಶಕದಲ್ಲಿಯೇ ತೋರಿಸಿದವರೂ ಸೆಲ್ಯೆ ಮತ್ತು ಅವರ ಸಂಗಡಿಗರೇ.

1982ರ ಅಕ್ಟೋಬರ್ 16ರಂದು ಅವರು ಮಾಂಟ್ರಿಯಲ್‌ನಲ್ಲಿ ನಿಧನರಾದರು. ಲೋಕ ಸೆಲ್ಯೆ ಎನ್ನುವ ಹೆಸರನ್ನು ಹಂಗೇರಿಯನ್ನರು ಶೆಯೆ ಎಂದು ಉಚ್ಚರಿಸುತ್ತಾರೆ. ಡ್ಯಾನ್ಯೂಬಿನ ಉತ್ತರದ ದಡ ಇಂದು ಸ್ಲೊವಾಕಿಯದಲ್ಲಿದೆ, ಊರಿನ ಹೆಸರು ಕೊಮಾರ್ನೊ. 2004ರಲ್ಲಿ ಅಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ. ಬೋಧನೆ ನಡೆಯುವುದು ಹಂಗೇರಿಯನ್ ಭಾಷೆಯಲ್ಲಿ. ಗಡಿ ಸರಿದು ಎಂಬತ್ತನಾಲ್ಕು ವರ್ಷಗಳಾದ ಮೇಲೂ ಅಲ್ಪಸಂಖ್ಯಾತರ ನುಡಿಯಲ್ಲಿ ಉನ್ನತ ವಿದ್ಯೆಯ ಬಾಗಿಲು ತೆರೆಯಬಹುದೆಂಬುದನ್ನು ನಾವು ಗಮನದಲ್ಲಿರಿಸಿಕೊಳ್ಳಬೇಕು.