ಪ್ಲೇಗಿನ ಕಾಲದಲ್ಲಿ ಫಾದರ್ ಮುಲ್ಲರ್

ಪುತ್ತೂರು, ಸುಳ್ಯ, ಕಡಬದ ಕಡೆಯವರು ಕಾಯಿಲೆ ಬಿಗಡಾಯಿಸಿದರೆ ಕಂಕನಾಡಿಗೆ ಹೋಗೋಣ ಎನ್ನುವುದುಂಟು. ಕಂಕನಾಡಿಯೆಂದರೆ ಅವರ ಬಾಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ. ಆ ಹೆಸರಿನ ಜೆಸ್ವಿಟ್ ಗುರು ವಂದನೀಯ ಆಗಸ್ಟಸ್ ಮುಲ್ಲರ್ ಅವರು ಹೋಮಿಯೋಪತಿ ಔಷಧ ಕೊಡುತ್ತಿದ್ದರೆಂದು ಹೆಚ್ಚಿನವರು ಬಲ್ಲರು. ಅಂಟುರೋಗಗಳ ಎದುರು ಅವರು ಮಾಡಿದ ಸೇವೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದ ಅವರು, 1878ರ ಡಿಸೆಂಬರ್ 31ರಂದು ಇತರ ಜೆಸ್ವಿಟ್ ಗುರುಗಳೊಂದಿಗೆ ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅಲ್ಲಿ ಅಧ್ಯಾಪಕರಾದರು. ಅದೇ ವರ್ಷ ಕಂಕನಾಡಿಯ ಆಲದ ಮರದಡಿ ಬಡವರಿಗಾಗಿ ಔಷಧಾಲಯ ತೆರೆದರು. ಅವರ ಔಷಧಗಳು ಅಂಚೆಯ ಮೂಲಕ ದೇಶದ ಬೇರೆ ಬೇರೆ ಕಡೆಗೂ ಹೋಗುತ್ತಿದ್ದವು.

1890ರಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯ ತೆರೆಯಿತು. ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಸಂತ ದಾಮಿಯೆನರು ತೀರಿಕೊಂಡು ಆಗ ಒಂದು ವರ್ಷವಾಗಿತ್ತಷ್ಟೆ. ಎಂಟು ವರ್ಷಗಳ ನಂತರ, 1898ರಲ್ಲಿ, ಬ್ರಿಟಿಷ್ ಸರಕಾರ ಬಡ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಕಾನೂನು ಮಾಡಿತು. ಆ ಕಾನೂನು ರದ್ದಾದದ್ದು 2016ರಲ್ಲಿ ಎಂದರೆ ಆಶ್ಚರ್ಯವಾದೀತು.

ಆ ಹೊತ್ತಿಗೆ ಪ್ಲೇಗ್ ಬಂದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ 1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ಹಿಡಿಯಿತು. ಸರಕಾರದವರು ಮನೆಮನೆ ಶೋಧಿಸಿ ರೋಗಿಗಳನ್ನು ಎಳೆದೊಯ್ಯುತ್ತಿದ್ದರು, ಉಳಿದವರನ್ನು ಊರ ಹೊರಗಿನ ಶಿಬಿರಕ್ಕೆ ಅಟ್ಟುತ್ತಿದ್ದರು. ಜನ ಸಿಟ್ಟಿಗೆದ್ದರು. ಪುಣೆಯಲ್ಲಿ 1897ರಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಕೊಲೆಯಾದರು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿ ದಂಗೆಯಾಯಿತು. ಇದಕ್ಕಿಂತ ದೊಡ್ಡ ಕೇಡೆಂದರೆ ಜನ ರೋಗಿಗಳನ್ನು ಅಡಗಿಸಿಡತೊಡಗಿದರು, ಹೆಣಗಳನ್ನು ಗುಟ್ಟಾಗಿ ಸಾಗಿಸತೊಡಗಿದರು. ರೋಗ ಎಲ್ಲಿದೆಯೆಂಬ ಲೆಕ್ಕವೇ ತಪ್ಪಿಹೋಯಿತು.

ಮಂಗಳೂರಿಗೂ ಪ್ಲೇಗ್ ಬಂದಾಗ, 1902ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಪ್ಲೇಗ್ ರೋಗಿಗಳಿಗೆಂದೇ ಆಸ್ಪತ್ರೆ ತೆರೆದರು. ಅವರ ಗುಳಿಗೆಗಳಿಂದ ಪ್ಲೇಗ್ ವಾಸಿಯಾಯಿತೆಂದು ನಾವು ಹೇಳುವುದಿಲ್ಲ. ಅದಕ್ಕೆ ನಾಟುವ ಮದ್ದು ಆಗ ಯಾರ ಬಳಿಯೂ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಬಂದದ್ದು 1943ರಲ್ಲಿ. ಇದ್ದದ್ದು ಹಾಫ್ಕಿನ್ ಅವರ 1897ರ ಲಸಿಕೆ, ರೋಗಿಯನ್ನು ಪ್ರತ್ಯೇಕವಾಗಿರಿಸುವುದು, ನೀರು, ಗಂಜಿ, ಆರೈಕೆ. ಆದರೆ ಇಪ್ಪತ್ತು ವರ್ಷಗಳಿಂದ ಬಡವರು ನಂಬಿ ಬರುತ್ತಿದ್ದ ಜಾಗದಲ್ಲೇ ಈ ಆಸ್ಪತ್ರೆ ತೆರೆಯಿತು. ಪೊಲೀಸರು ಎಳೆದೊಯ್ಯುವ ಶಿಬಿರಕ್ಕೂ, ಗುರುತಿನ ಗುರುಗಳು ನಡೆಸುವ ಆಸ್ಪತ್ರೆಗೂ ಇರುವ ಅಂತರ ರೋಗಿಯ ಮನೆಯವರಿಗೆ ಗೊತ್ತಾಗುತ್ತದೆ.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ನಿಧನರಾದರು.

ನಮ್ಮ ತಾಲೂಕುಗಳಲ್ಲಿ ಈಗ ಪ್ಲೇಗ್ ಇಲ್ಲ, ಜ್ವರಗಳಿವೆ. 2008ರಲ್ಲಿ ಚಿಕುನ್‌ಗುನ್ಯ ಸುಳ್ಯ, ಪುತ್ತೂರಿನ ಮನೆಮಂದಿಯನ್ನೆಲ್ಲ ಮಲಗಿಸಿತ್ತು. ಕಡಬ ಆಗ ಪುತ್ತೂರು ತಾಲೂಕಿನಲ್ಲಿತ್ತು. ರಬ್ಬರ್ ಹಾಲಿನ ಕಪ್ಪುಗಳಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ಮಳೆನೀರೇ ಸೊಳ್ಳೆಗಳಿಗೆ ತೊಟ್ಟಿಲು. 2004ರಿಂದ ದೇಶದಲ್ಲಿ ರೋಗ ಕಣ್ಗಾವಲು ಯೋಜನೆಯಿದೆ. ಆರೋಗ್ಯ ಕಾರ್ಯಕರ್ತೆ ಸಂಶಯದ ಜ್ವರವನ್ನು, ವೈದ್ಯರು ಲಕ್ಷಣ ನೋಡಿದ್ದನ್ನು, ಪ್ರಯೋಗಾಲಯ ಖಚಿತಪಡಿಸಿದ್ದನ್ನು ವರದಿ ಮಾಡುತ್ತಾರೆ. ಆದರೆ ಮೆಡಿಕಲ್‌ನಿಂದ ಎರಡು ಮಾತ್ರೆ ತಂದು ನುಂಗಿ ಮಲಗಿದವರ ಜ್ವರ ಯಾವ ವರದಿಯಲ್ಲೂ ಬರುವುದಿಲ್ಲ. ಹಿಂದೆ ಹೆದರಿ ಅಡಗಿಸುತ್ತಿದ್ದರು, ಈಗ ಉದಾಸೀನದಿಂದ ಅಡಗುತ್ತದೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ಯಾರಿಗೂ ಏನೂ ಇಲ್ಲ ಎಂದು ಕಳುಹಿಸುವವರು ನಮ್ಮ ವಾರ್ಡುಗಳಲ್ಲೂ ಇದ್ದಾರೆ.

ಪ್ಲೇಗಿನ ಕಾಲದಲ್ಲಿ ಇಲಿ ಸತ್ತು ಬಿದ್ದರೆ ಅದೇ ಮೊದಲ ಸೂಚನೆಯಾಗಿತ್ತು. ಮಂಗನ ಕಾಯಿಲೆಗೆ ಮಂಗನ ಸಾವು ಸೂಚನೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಪತ್ತೆಯಾದ ಆ ರೋಗ 1980ರ ದಶಕದಲ್ಲಿ ನೆರೆಯ ಬೆಳ್ತಂಗಡಿಯಲ್ಲೂ ಜೀವ ತೆಗೆದಿದೆ. ಸುಬ್ರಹ್ಮಣ್ಯದ ಸುತ್ತಿನ ಕಾಡಂಚಿನವರು ಸತ್ತ ಮಂಗನನ್ನು ಕಂಡರೆ ಮುಟ್ಟದೆ, ಹತ್ತಿರ ಸುಳಿಯದೆ, ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.