ಒಂಟಿತನ ನೀಗಲು ರೋಟರಿ ಕಟ್ಟಿದ ಪಾಲ್ ಹ್ಯಾರಿಸ್

ಅಮೆರಿಕದಲ್ಲಿ 1868ರ ಎಪ್ರಿಲ್ 19ರಂದು ಜನಿಸಿದ ಪಾಲ್ ಹ್ಯಾರಿಸ್ ಹಳ್ಳಿಯಲ್ಲಿ ಅಜ್ಜ-ಅಜ್ಜಿಯ ಆಸರೆಯಲ್ಲಿ ಬೆಳೆದವರು. 1896ರಲ್ಲಿ ಶಿಕಾಗೋದಲ್ಲಿ ವಕೀಲಿ ವೃತ್ತಿ ಆರಂಭಿಸಿದ ಅವರಿಗೆ ಪರಿಚಯಸ್ಥರು ದೊರೆತರೂ ಊರಿನಂತಹ ಸ್ನೇಹ ದೊರೆಯಲಿಲ್ಲ.

1905ರ ಫೆಬ್ರವರಿ 23ರಂದು ಕಲ್ಲಿದ್ದಲು ವ್ಯಾಪಾರಿ, ಗಣಿ ಇಂಜಿನಿಯರ್ ಹಾಗೂ ಟೈಲರಿಂಗ್ ವ್ಯಾಪಾರಿಯೊಂದಿಗೆ ಸಭೆ ಸೇರಿ ರೋಟರಿಗೆ ನಾಂದಿ ಹಾಡಿದರು. ಸರದಿಯಂತೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸಭೆ ಜರಗುತ್ತಿದ್ದುದರಿಂದ ಈ ಹೆಸರು ಬಂತು. ಒಂದು ವೃತ್ತಿಗೆ ಒಬ್ಬರೇ ಸದಸ್ಯರೆಂಬ ನಿಯಮವಿದ್ದುದರಿಂದ ಪೈಪೋಟಿಯ ಅಂಜಿಕೆಯಿಲ್ಲದೆ ವ್ಯವಹಾರದ ಕಷ್ಟಸುಖ ಹಂಚಿಕೊಳ್ಳಲು, ಪರಸ್ಪರ ಗಿರಾಕಿಗಳಾಗಲು ಸಾಧ್ಯವಾಯಿತು. ಸ್ವಂತ ಲಾಭವಷ್ಟೇ ಸಾಲದೆಂದು ಮನಗಂಡ ಬಳಿಕ ಸಮಾಜಸೇವೆಯೂ ಜತೆಗೂಡಿತು.

1929ರಲ್ಲಿ ಮುಂಬಯಿಯಲ್ಲೂ ಕ್ಲಬ್ ಸ್ಥಾಪನೆಯಾಯಿತು. 1947ರ ಜನವರಿ 27ರಂದು ಹ್ಯಾರಿಸ್ ನಿಧನರಾದರು. ಪರವೂರಲ್ಲಿ ಅಂಗಡಿ, ಹೊಟೇಲು ನಡೆಸುವವರಿಗೆ ಬಂಡವಾಳದಷ್ಟೇ ಮುಖ್ಯವಾದುದು ಸಹವ್ಯವಸಾಯಿಗಳ ಒಡನಾಟ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.